ಗುಂಡಿಯಿಲ್ಲದ ಕೋಟು

ಬೆರಿಲ್ ಹೆಸ್ಲಪ್ ಅವರನ್ನು ನಾನು ಮೊದಲು ಕಂಡ ದಿನ ನನ್ನ ಜೊತೆಯಲ್ಲಿ ಮೂವತ್ತೊಂದು ಮಕ್ಕಳಿದ್ದರು. ಡರ್ಹಮ್ ಸೀಮೆಯ ನಮ್ಮ ಶಾಲೆಯಲ್ಲಿ ನಾಲ್ಕನೆಯ ತರಗತಿಯವರನ್ನು ವರ್ಷಕ್ಕೊಮ್ಮೆ ಬಯಲು ಮ್ಯೂಸಿಯಮ್ಮಿಗೆ ಕರೆದೊಯ್ಯುವುದು ವಾಡಿಕೆಯಾಗಿತ್ತು. ನೂರು ವರ್ಷದಾಚೆಯ, ಎಡ್ವರ್ಡ್ ದೊರೆಯ ಕಾಲದ ಪೇಟೆಬೀದಿಯೊಂದನ್ನು ಅಲ್ಲಿ ಹಾಗೆಯೇ ಕಟ್ಟಿ ನಿಲ್ಲಿಸಿದ್ದಾರೆ. ಟ್ರಾಮು ಓಡುತ್ತದೆ, ಮಿಠಾಯಿ ಅಂಗಡಿಯಲ್ಲಿ ಪಾಕ ಕುದಿಯುತ್ತದೆ, ಕೆಲಸದವರೆಲ್ಲ ಆ ಕಾಲದ ಉಡುಪಿನಲ್ಲೇ ಓಡಾಡುತ್ತಾರೆ. ಬೀದಿಯ ಕೊನೆಯ ಮನೆಯಲ್ಲಿ, ಕಲ್ಲಿದ್ದಲ ಒಲೆಯ ಪಕ್ಕದಲ್ಲಿ ಬೆರಿಲ್ ಕುಳಿತಿದ್ದರು. ಮರದ ಚೌಕಟ್ಟಿಗೆ ಬಿಗಿದ ಗೋಣಿತಾಟಿನೊಳಗೆ, ದಬ್ಬಳದಂಥ ಒಂದು ಮರದ ಮೊಳೆಯಿಂದ ಚಿಂದಿಬಟ್ಟೆಯ ಚೂರುಗಳನ್ನು ಒಂದೊಂದಾಗಿ ತೂರಿಸುತ್ತಿದ್ದರು.

ನಮ್ಮ ಹುಡುಗಿಯೊಬ್ಬಳು ಅವರ ಏಪ್ರನ್ನನ್ನು ಮುಟ್ಟಿ ನೋಡಿ, ನೀವು ನಿಜವಾಗಿಯೂ ಆ ಕಾಲದವರೇ ಎಂದು ಕೇಳಿದಳು.

"ಹೂಂ ಕಂದಾ. ಆವತ್ತಿಂದ ಇಲ್ಲೇ ಕೂತಿದೀನಿ. ಟೀ ಕುಡಿಯೋಕೂ ಯಾರೂ ಬಿಟ್ಟಿಲ್ಲ."

ಮಕ್ಕಳು ನಕ್ಕರು, ಬೆರಿಲ್ ನಗಲಿಲ್ಲ. ಆ ಮಾತನ್ನು ಅವರು ದಿನಕ್ಕೆ ಹತ್ತು ಹನ್ನೊಂದು ಸಲ ಹೇಳಬೇಕಾಗುತ್ತಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನಿವೃತ್ತನಾದ ಮೇಲೆ ನಾನು ಗುರುವಾರಗಳಲ್ಲಿ ಒಬ್ಬನೇ ಹೋಗಿ ಆ ಒಲೆಯ ಮುಂದೆ ಕೂರತೊಡಗಿದೆ.

ಬೆರಿಲ್ ಗಣಿಕಾರ್ಮಿಕರ ಮನೆಯ ಮಗಳು. ಅವರ ತಾಯಿ ಪ್ರತಿ ಚಳಿಗಾಲದಲ್ಲೂ ಇಂಥದ್ದೊಂದು ಚಿಂದಿಚಾಪೆ ಮಾಡುತ್ತಿದ್ದರು. ಕ್ರಿಸ್‌ಮಸ್ಸಿನ ಹಿಂದಿನ ದಿನ ಅದನ್ನು ಚೌಕಟ್ಟಿನಿಂದ ಬಿಚ್ಚಿ ಒಲೆಯ ಮುಂದೆ ಹಾಸುವುದು. ಹೋದ ವರ್ಷದ್ದು ಅಡುಗೆಕೋಣೆಗೆ ಸರಿಯುತ್ತಿತ್ತು, ಅದಕ್ಕೂ ಹಿಂದಿನದು ಹಿತ್ತಲ ಬಾಗಿಲಿಗೆ. ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ ಬೆರಿಲ್ ಮ್ಯೂಸಿಯಮ್ಮಿಗೆ ಬಂದರು. ತಾಯಿಯಿಂದ ಕಲಿತದ್ದನ್ನೇ ಹತ್ತೊಂಬತ್ತು ವರ್ಷ ಜನರೆದುರು ಕೂತು ಮಾಡಿದರು. ಬೆಂಕಿ ನಿಜವಾದದ್ದೇ ಎಂದು ಕೇಳುವವರಿಗೆ ಹೌದೆಂದರು, ಮುಟ್ಟಿ ನೋಡುವವರ ಕೈ ಹಿಡಿದು ತಡೆದರು. ಎರಡೂ ಹೆಬ್ಬೆರಳುಗಳ ಕೀಲು ಊದಿಕೊಂಡಿತು. ಬೆಳಗ್ಗೆ ಬಾಗಿಲ ಹಿಡಿಯನ್ನು ಮೊಣಕೈಯಿಂದ ತಿರುಗಿಸುವ ಸ್ಥಿತಿಗೆ ಬಂದಾಗ, ಈ ಕ್ರಿಸ್‌ಮಸ್ಸಿನ ಚಾಪೆಯೇ ಕೊನೆಯದು ಎಂದು ಕಚೇರಿಗೆ ಬರೆದು ಕೊಟ್ಟರು.

"ನಾನೂ ಹಿತ್ತಲ ಬಾಗಿಲಿಗೆ ಬಂದೆ, ಮೇಷ್ಟ್ರೇ," ಎಂದರು ನನಗೆ. "ಇನ್ನು ಕಾಲು ಒರೆಸಿಕೊಂಡು ಹೋಗೋರು ಹೋಗ್ಲಿ. ನಾನು ಮಲಗ್ತೀನಿ."

ಆ ಅಕ್ಟೋಬರಿನಲ್ಲಿ ಬಣ್ಣದ ಚಿಂದಿ ಸಾಕಷ್ಟಿತ್ತು, ಅಂಚಿಗೆ ಬೇಕಾದ ಗಾಢ ಬಣ್ಣದ್ದು ಇರಲಿಲ್ಲ. ಬೆರಿಲ್ ತಾವೇ ಉಗ್ರಾಣಕ್ಕೆ ಹೋದರು. ಜನ ತಂದುಕೊಟ್ಟ ಹಳೆಯ ಬಟ್ಟೆಯ ಮೂಟೆಗಳ ಮೇಲೆ ಕಡುನೀಲಿ ಉಣ್ಣೆಯ ಕೋಟೊಂದು ಬಿದ್ದಿತ್ತು. ಅದಕ್ಕೆ ಚೀಟಿ ಕಟ್ಟಿರಲಿಲ್ಲ, ಒಂದೇ ಒಂದು ಗುಂಡಿಯೂ ಇರಲಿಲ್ಲ.

ಇಲ್ಲಿನ ಹಳೆಯ ಗೃಹಿಣಿಯರಿಗೆ ಅದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ. ಕೋಟು ಹಳತಾದರೆ ಮೊದಲು ಗುಂಡಿಗಳನ್ನು ಕತ್ತರಿಸಿ ಡಬ್ಬಿಗೆ ಹಾಕಿಕೊಂಡು, ಬಟ್ಟೆಯನ್ನು ಚಾಪೆಗೆ ಬಿಡುತ್ತಾರೆ. ಗುಂಡಿ ಹೋಯಿತೆಂದರೆ ಆ ಕೋಟಿನ ಕೆಲಸ ಮುಗಿಯಿತು. ಬೆರಿಲ್ ಯಾರನ್ನೂ ಕೇಳಲಿಲ್ಲ. ಮೂರು ದಿನ ಕೂತು ಬೆರಳುದ್ದದ ಚೂರುಗಳಾಗಿ ಕತ್ತರಿಸಿದರು, ಅಂಚಿನ ಮುಕ್ಕಾಲು ಪಾಲು ತುಂಬಿಸಿದರು.

ನಾಲ್ಕನೆಯ ದಿನ ಉಗ್ರಾಣದ ಮೇಲ್ವಿಚಾರಕಿ ಜಿಲಿಯನ್ ಆ ಕೋಟನ್ನು ಹುಡುಕುತ್ತಾ ಬಂದಳು. ಅದು ಟ್ರಾಮ್ ಕಂಡಕ್ಟರನೊಬ್ಬನದು, ನೂರು ವರ್ಷಕ್ಕೂ ಹಳೆಯದು. ನೌಕರಿ ಬಿಟ್ಟ ದಿನ ಕಂಪನಿಯವರು ತಮ್ಮ ಹಿತ್ತಾಳೆಯ ಗುಂಡಿಗಳನ್ನು ವಾಪಸು ತೆಗೆದುಕೊಂಡಿದ್ದರಂತೆ. ಮೊಮ್ಮಗ ಎರಿಕ್ ಪ್ರೌಡ್‌ಲಾಕ್ ಎಂಬವರು, ಎಂಬತ್ತಮೂರು ವರ್ಷದವರು, ಅದನ್ನು ಮ್ಯೂಸಿಯಮ್ಮಿಗೆ ಕೊಟ್ಟಿದ್ದರು, ಚೀಟಿ ಕಟ್ಟುವುದು ಇನ್ನೂ ಬಾಕಿಯಿತ್ತು. ಮುಂದಿನ ಗುರುವಾರ ಅದನ್ನು ನೋಡಲು ಅವರೇ ಬರುವವರಿದ್ದರು.

ಕಚೇರಿಯವರು ಅವರಿಗೆ ಕಾಗದ ಬರೆದು ತಿಳಿಸುತ್ತೇವೆ ಎಂದರು. ಬೆರಿಲ್ ಒಪ್ಪಲಿಲ್ಲ. ಕತ್ತರಿಸಿದ್ದು ನಾನು, ಬಾಯಿಯಿಂದ ಹೇಳುವವಳೂ ನಾನೇ ಎಂದರು. ಆ ವಾರ ಅವರು ಸರಿಯಾಗಿ ಊಟ ಮಾಡಲಿಲ್ಲವೆಂದು ಕಾಣುತ್ತದೆ. ಹತ್ತೊಂಬತ್ತು ವರ್ಷ ದುಡಿದವಳು ಕೊನೆಗೆ ಇಂಥ ಹೆಸರು ಹೊತ್ತುಕೊಂಡು ಮನೆಗೆ ಹೋಗಬೇಕಲ್ಲ ಎಂಬುದೇ ಅವರ ಮನಸ್ಸಿನಲ್ಲಿತ್ತು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮೇಷ್ಟರೊಬ್ಬರು ಎದುರಿಗಿದ್ದರೆ ಬೈಗುಳ ಸ್ವಲ್ಪ ಸಣ್ಣದಾಗುತ್ತದೆ ಎಂಬುದು ಅವರ ಲೆಕ್ಕಾಚಾರ.

ಎರಿಕ್ ಟ್ರಾಮಿನಿಂದ ಇಳಿದು ನೆಟ್ಟಗೆ ಬಂದರು. ಬೆರಿಲ್ ಎದ್ದು ನಿಂತು ನಡೆದದ್ದನ್ನು ನಾಲ್ಕೇ ವಾಕ್ಯದಲ್ಲಿ ಹೇಳಿ, ಕೋಟಿನಲ್ಲಿ ಉಳಿದಿದ್ದ ಒಂದು ತೋಳನ್ನು ಅವರ ಕೈಗಿಟ್ಟರು. ಅವರು ಅದನ್ನು ಹಿಂದುಮುಂದು ತಿರುಗಿಸಿ ನೋಡಿದರು. ಬಾಗಿಲಲ್ಲಿ ಇಣುಕಿದ ಪ್ರವಾಸಿಗಳೂ ಹಾಗೆಯೇ ಹಿಂದಕ್ಕೆ ಸರಿದರು.

"ನಮ್ಮಮ್ಮ ಇದನ್ನ ಚಾಪೆಗೆ ಹಾಕ್ತೀನಿ ಅಂದಿದ್ಲು," ಎಂದರು ಕೊನೆಗೆ. "ಗುಂಡಿ ಇಲ್ಲದ ಕೋಟು ಯಾಕೆ ಇಟ್ಕೋಬೇಕು ಅಂತ. ಅಜ್ಜಿ ಬಿಡಲಿಲ್ಲ. ಅತ್ತೆ ಸೊಸೆ ಅದಕ್ಕೇ ಹನ್ನೊಂದು ವರ್ಷ ಮಾತು ಬಿಟ್ಟಿದ್ರು. ಒಂದೇ ಮನೇಲಿ."

"ತಪ್ಪಾಯ್ತು," ಎಂದರು ಬೆರಿಲ್.

"ಆಗಿದೆ. ಆಗಿಲ್ಲ ಅಂತ ನಾನು ಹೇಳಲ್ಲ." ಅವರು ತೋಳನ್ನು ಚೌಕಟ್ಟಿನ ಮೇಲೆ ಇಟ್ಟರು. "ಅಮ್ಮ ಗೆದ್ದಂಗಾಯ್ತು. ಇದನ್ನೂ ಸೇರಿಸಿ ಮುಗಿಸಮ್ಮಾ. ಅರ್ಧ ಕೋಟೂ ಅಲ್ಲ, ಅರ್ಧ ಚಾಪೇನೂ ಅಲ್ಲ, ಇದನ್ನ ಯಾರು ನೋಡ್ತಾರೆ? ನಿನ್ನ ಕೈಯಿಂದಲೇ ಮುಗೀಬೇಕು. ಬೇರೆಯವರ ಕೈಗೆ ಕೊಡ್ಬೇಡ."

ಬೆರಿಲ್ ತಮ್ಮ ಹೆಬ್ಬೆರಳುಗಳನ್ನು ಏಪ್ರನ್ನಿನಡಿ ಮುಚ್ಚಿಕೊಂಡು, ಆಗಲಿ ಎಂದರು. ಆ ಕೈಯಲ್ಲಿ ಕ್ರಿಸ್‌ಮಸ್ಸಿನೊಳಗೆ ಮುಗಿಯುತ್ತದೆಂಬ ನಂಬಿಕೆ ಇಲ್ಲದೆ, ಕಚೇರಿಗೆ ಬರೆದು ಕೊಟ್ಟಿದ್ದ ಕಾಗದವನ್ನು ಅದೇ ಸಂಜೆ ವಾಪಸು ಪಡೆದರು.

ಅಲ್ಲಿಗೆ ಮುಗಿಯಲಿಲ್ಲ. ಆ ಕೋಟು ಸೇರಿದ್ದರಿಂದ ಚಾಪೆಯೇ ಈಗ ಸಂಗ್ರಹದ ವಸ್ತುವಾಯಿತು. ಜಿಲಿಯನ್ ಅದಕ್ಕೊಂದು ಸಂಖ್ಯೆ ಕೊಟ್ಟಳು. ಸಂಗ್ರಹದ ವಸ್ತುವನ್ನು ಬರಿಗೈಯಲ್ಲಿ ಮುಟ್ಟಬಾರದು ಎಂಬುದು ನಿಯಮ. ಬೆರಿಲ್ ಅವರಿಗೆ ಬಿಳಿಯ ಹತ್ತಿಯ ಕೈಗವಸು ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡು ಚಿಂದಿಯ ಚೂರನ್ನು ಹಿಡಿಯುವುದು ನಲವತ್ತು ವರ್ಷದವರ ಕೈಗೂ ಆಗದ ಕೆಲಸ.

ಆ ಕ್ರಿಸ್‌ಮಸ್ ಹೋಯಿತು, ಈಗ ಇನ್ನೊಂದು ಹತ್ತಿರ ಬಂದಿದೆ. ಹೆಬ್ಬೆರಳುಗಳು ಇನ್ನಷ್ಟು ಕೆಟ್ಟಿರುವುದರಿಂದ ಬೆರಿಲ್ ಗುರುವಾರ ಮಾತ್ರ ಬರುತ್ತಾರೆ. ಒಂದು ಚೂರು ತೂರಿಸಿ, ಕೈಯನ್ನು ಒಲೆಯ ಕಡೆ ಚಾಚಿ ಕಾಯಿಸಿಕೊಂಡು, ಮತ್ತೊಂದು ಚೂರು ತೆಗೆದುಕೊಳ್ಳುತ್ತಾರೆ. ಇನ್ನು ಒಂದು ಗೇಣು ಅಂಚು ಉಳಿದಿದೆ. ಎರಿಕ್ ಹಂದಿಮಾಂಸದ ದಪ್ಪ ರೊಟ್ಟಿಗಳನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಬಾಗಿಲ ಕಡೆ ಕಣ್ಣಿಡುವುದು ನನ್ನ ಕೆಲಸ, ಜಿಲಿಯನ್ ಬಂದರೆ ಕೆಮ್ಮುತ್ತೇನೆ. ಕೆಮ್ಮು ಕೇಳುವ ತನಕ ಕೈಗವಸುಗಳು ಬೆರಿಲ್ ಅವರ ಮಡಿಲಲ್ಲೇ ಇರುತ್ತವೆ.