ಬೋರ್ಡಿನ ಮೇಲೆ ನನ್ನ ಹೆಸರು

ಬೈಲಹೊಂಗಲದಲ್ಲಿ ಬ್ಯಾಂಕಿನವರು ಜಪ್ತಿ ಮಾಡಿ ಹರಾಜಿಗಿಟ್ಟ ಖಾಲಿ ಜಾಗವೊಂದನ್ನು ನನ್ನ ಹೆಸರಿಗೆ ಕೊಂಡೆವು. ಅದು ಮೊದಲು ನಮ್ಮ ಓಣಿಯ ಕಾಕಾ ಅವರದು. ಸಂಬಂಧಿಕರಲ್ಲ, ಓಣಿಗೆಲ್ಲ ಅವರು ಕಾಕಾ. ಬಟ್ಟೆ ಅಂಗಡಿಗೆ ತೆಗೆದ ಸಾಲ ತೀರದೆ ಜಾಗ ಕೈಬಿಟ್ಟಿತ್ತು.

ಅವರ ಕಾಲದ ತೆರಿಗೆಯೂ ಪುರಸಭೆಯಲ್ಲಿ ಬಾಕಿ ಇತ್ತು. ಅದನ್ನು ಕಟ್ಟದೆ ಉತಾರ, ಅಂದರೆ ಜಾಗದ ಖಾತೆ, ನನ್ನ ಹೆಸರಿಗೆ ಆಗುವಂತಿಲ್ಲ ಎಂದರು ಪುರಸಭೆಯವರು. ಕೊಂಡವರೇ ಕಟ್ಟಬೇಕು ಎಂದರು ಬ್ಯಾಂಕಿನವರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಯಾರದೋ ಬಾಕಿ ನಾನ್ಯಾಕೆ ಕಟ್ಟಲಿ ಎಂದು ಹಟ ಹಿಡಿದು, ಇಬ್ಬರಿಗೂ ಅರ್ಜಿಯ ಮೇಲೆ ಅರ್ಜಿ ಬರೆಯುತ್ತ ಕೂತೆ.

ಅಷ್ಟರಲ್ಲಿ ಪುರಸಭೆಯ ತೆರಿಗೆ ಬಾಕಿದಾರರ ಹೆಸರುಗಳ ದೊಡ್ಡ ಫ್ಲೆಕ್ಸ್ ಒಂದು ಬಸ್ ಸ್ಟ್ಯಾಂಡ್ ಎದುರು ಬಂತು. ಉತಾರ ಬದಲಾಗಿರಲಿಲ್ಲವಲ್ಲ, ಅದರಲ್ಲಿ ಇದ್ದದ್ದು ಕಾಕಾ ಅವರ ಹೆಸರು.

ಒಂದು ಸಂಜೆ ಅವರು ನಮ್ಮ ಬಾಗಿಲಿಗೆ ಬಂದರು. ಕುಂತ್ರಿ ಎಂದರೂ ಕೂರಲಿಲ್ಲ.

“ಯವ್ವಾ, ಮುನವಳ್ಳಿಯಿಂದ ನಾಳೆ ಮಗಳನ್ನ ನೋಡಾಕ ಬರ್ತಾರ. ಬಸ್ಸು ಇಳದ ಕೂಡ್ಲೆ ಆ ಬೋರ್ಡ್ ಕಾಣತೈತಿ. ಬಾಕಿ ಅರ್ಧ ನಾ ಕೊಡತೇನಿ, ಕಟ್ಟಿಬಿಡೂಣು.”

ಹುಡುಗಿ ನಮ್ಮ ಕಣ್ಣೆದುರೇ ಬೆಳೆದವಳು. ಅಂಗಡಿ ಮುಳುಗಿದ ಸುದ್ದಿ ಕೇಳಿಯೇ ಹಿಂದೆ ಒಂದು ಸಂಬಂಧ ಮುರಿದಿತ್ತು. ನನ್ನ ಹಟವೆಲ್ಲ ಅಲ್ಲಿಗೇ ಇಳಿಯಿತು.

“ಅರ್ಧ ಗಿರ್ಧ ಏನೂ ಬ್ಯಾಡ್ರಿ ಕಾಕಾ. ನಾ ನೋಡ್ಕೋತೇನಿ,” ಎಂದೆ.

ಮುಂಜಾನೆ ಪುರಸಭೆ ಬಾಗಿಲು ತೆರೆಯುತ್ತಲೇ ಹೋಗಿ ಕಟ್ಟಿದೆ. ಆದರೆ ಫ್ಲೆಕ್ಸ್ ಹೊಸದು ಬರುವತನಕ ಹಾಗೇ ಇರುತ್ತದೆ ಎಂದ ಗುಮಾಸ್ತ. ನಾನು ಬಿಡಬೇಕಲ್ಲ. ಕೊನೆಗೆ ನನ್ನ ಬಾಯಿಗೆ ಅಂಜಿ, ಸ್ಟೂಲು, ಗೋಂದು ಹಿಡಿದು ಬಂದು, ಕಾಕಾ ಅವರ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದ.

ಹಿಂದೆ ಸರಿದು ನೋಡಿದೆ. ಅಷ್ಟು ಹೆಸರುಗಳ ನಡುವೆ ಅದೊಂದೇ ಬಿಳಿ ತೇಪೆ ಎದ್ದು ಕಾಣುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದವರೊಬ್ಬರು ಆಗಲೇ ಬಂದು ಉಗುರಿನಿಂದ ಅದರ ಅಂಚು ಎಬ್ಬಿಸತೊಡಗಿದರು. ನಿನ್ನೆಯವರೆಗೆ ಯಾರಿಗೂ ಬೇಡವಾಗಿದ್ದ ಹೆಸರು ಈಗ ಎಲ್ಲರಿಗೂ ಬೇಕಾಗಿತ್ತು.

“ಅದರ ಮ್ಯಾಲೆ ನನ್ನ ಹೆಸರು ಬರೀರಿ,” ಎಂದೆ.

“ನೀವು ಕಟ್ಟೀರಲ್ರಿ ಅಕ್ಕಾರ?”

“ಅದು ನಿಮಗ ಗೊತ್ತೈತಿ, ನನಗ ಗೊತ್ತೈತಿ. ಬರೀರಿ.”

ಅವನು ಒಪ್ಪಲಿಲ್ಲ. ಮಾರ್ಕರ್ ಕಸಿದುಕೊಂಡು ಸ್ಟೂಲು ಹತ್ತಿ ನಾನೇ ದಪ್ಪ ಅಕ್ಷರದಲ್ಲಿ ಬರೆದೆ. ಅಂಚು ಎಬ್ಬಿಸುತ್ತಿದ್ದವರು ಓದಿಕೊಂಡು ಬಸ್ಸು ಕಾಯಲು ಹೋದರು.

ಮಧ್ಯಾಹ್ನ ಕಾಕಾ ಅವರ ಮನೆಯಲ್ಲಿ ಬಂದವರಿಗೆ ಅವಲಕ್ಕಿ ಕೊಡುತ್ತಿದ್ದೆ. ಹುಡುಗನ ತಾಯಿ ನನ್ನ ಹೆಸರು ಕೇಳಿದರು. ಹೇಳಿದೆ. ಹುಡುಗನ ತಂದೆ ತಲೆಯೆತ್ತಿದರು.

“ಈಗರ ಎಲ್ಲೋ ಓದಿದಂಗ ಐತಲ್ರಿ ಈ ಹೆಸರು.”

ಕಾಕಾ ಅವರ ಮುಖ ಬಿಳಿಚಿತು. ಬೋರ್ಡಿನ ಮೇಲೆ ಏನಾಗಿದೆ ಎಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

“ಬಸ್ ಸ್ಟ್ಯಾಂಡ್ ಎದುರಿಗೆ ಓದೀರಿ. ಬಾಕಿ ಬೋರ್ಡಿನ್ಯಾಗ ಇರಾಕಿ ನಾನಽ,” ಎಂದೆ.

ಹುಡುಗನ ತಂದೆ ಜೋರಾಗಿ ನಕ್ಕರು. “ನಮ್ಮೂರ ಬೋರ್ಡಿನ್ಯಾಗ ನನ್ನ ಹೆಸರು ಎಲ್ಲಾರ್ಕಿಂತ ಮ್ಯಾಲೈತ್ರಿ. ಇನ್ನಷ್ಟು ಅವಲಕ್ಕಿ ಹಾಕ್ರಿ.”

ಅವತ್ತೇ ಹುಡುಗಿಗೆ ಕುಂಕುಮ ಹಚ್ಚಿ, ಎಲ್ಲರ ಕೈಗೂ ಸಕ್ಕರೆ ಕೊಟ್ಟರು. ನನಗೆ ತವರಿನಲ್ಲೇ ಒಂದು ಮದುವೆ ನಿಶ್ಚಯವಾದಷ್ಟು ಹಗುರವೆನಿಸಿತು. ಮನೆಗೆ ಬಂದು ಸಮಾಧಾನವಾಗಿ ಒಂದು ನಿದ್ದೆ ಹೊಡೆದೆ.

ಜಾಗ ಹೋದಾಗಿನಿಂದ ಕಾಕಾ ಅದರ ಮುಂದಿನ ರಸ್ತೆಯನ್ನೇ ತಪ್ಪಿಸಿ ಸುತ್ತು ಹಾಕಿ ಹೋಗುತ್ತಿದ್ದರು. ಉತಾರ ನನ್ನ ಹೆಸರಿಗೆ ಆದ ಮೇಲೆ, ಮನೆಯ ಪಾಯಕ್ಕೆ ಸುಣ್ಣದ ಗೆರೆ ಎಳೆಸುತ್ತಿದ್ದ ದಿನ ತಾವಾಗಿಯೇ ಬಂದರು. ಜಾಗದ ತುಂಬ ಅಡ್ಡಾಡಿ ಒಂದು ಮೂಲೆಯಲ್ಲಿ ನಿಂತರು.

“ಅಡಗಿ ಮನಿ ಇಲ್ಲಿ ಹಾಕ್ರಿ ಯವ್ವಾ. ಮುಂಜಾನಿ ಬಿಸಲು ಚಲೋ ಬರತೈತಿ. ನಾವು ಮನಿ ಕಟ್ಟಬೇಕಂದಾಗ ನಮ್ಮನಿಯಾಕಿ, ನಿಮ್ಮ ಕಾಕು, ಈ ಮೂಲಿ ಆರಿಸಿಟ್ಟಿದ್ಲು.”

ಎಳೆದ ಗೆರೆ ಅಳಿಸಿ ಅಲ್ಲಿಗೇ ಹೊಸದಾಗಿ ಎಳೆಸಿದೆವು.