ಹಸಿರು ಬಿದ್ದ ಉತ್ತರವನ್ನೂ ಬಿಡದ ತಪ್ಪಕ್ಕ

“ಒಂದಕ್ಷರಾನೂ ಇಲ್ಲ ಅಂದ್ರೆ ಆಗೇನ್ ಹೇಳ್ತೀಯಪ್ಪಾ?”

ಈ ಪ್ರಶ್ನೆ ಯಾರಿಗೂ ಅಲ್ಲ. ಅಡುಗೆಮನೆಗೆ ಅಂಟಿಕೊಂಡ ಕಿರುಕೋಣೆಯಲ್ಲಿ, ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಹೆಂಗಸೊಬ್ಬರು ಪರದೆಯತ್ತ ಬಾಗಿ ಹೀಗೆ ಕೇಳುತ್ತಾರೆ. ಕಿಟಕಿಯಾಚೆ ಇನ್ನೂ ಬೆಳಕು ಹರಿದಿಲ್ಲ. ಎದುರು ಕಟ್ಟಡದ ಮೆಟ್ಟಿಲ ದೀಪ ಉರಿಯುತ್ತಲೇ ಇದೆ. ಪರದೆಯ ಮೇಲೆ ‘ಇಲ್ಲ’ ಎಂಬ ಉತ್ತರ ಮೂಡುತ್ತದೆ. “ಹಾಂ, ಜಾಣ” ಎನ್ನುತ್ತಾ ಅವರು ಆರಿಹೋಗುತ್ತಿರುವ ಚಹಾದ ಲೋಟಕ್ಕೆ ಕೈ ಚಾಚುತ್ತಾರೆ.

ಬಲ್ಲವರ ಬಾಯಲ್ಲಿ ಇವರು ತಪ್ಪಕ್ಕ. ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಸುವ ಒಂದು ಚಿಕ್ಕ ತರಗತಿಗೆ ಇವರದು ಮನೆಯಿಂದಲೇ ಮಾಡುವ ಕೆಲಸ. ಆ ತರಗತಿಗೆ ಬರುವವರು ದೊಡ್ಡ ಓದು ಓದಿದವರಲ್ಲ. ಟ್ಯಾಕ್ಸಿ ಓಡಿಸುವವರು, ಅಂಗಡಿಯಲ್ಲಿ ನಿಲ್ಲುವವರು, ಮಕ್ಕಳು ಶಾಲೆಗೆ ಹೋದ ಮೇಲೆ ಎರಡು ಗಂಟೆ ಬಿಡುವು ಸಿಗುವ ತಾಯಂದಿರು. ಅವರ ಕೈಗೆ ಅಭ್ಯಾಸದ ಲೆಕ್ಕ ಹೋಗುವ ಮೊದಲು ಅದನ್ನು ತಪ್ಪಕ್ಕ ಬಿಡಿಸಬೇಕು. ಒಮ್ಮೆ ಸರಿಯಾಗಿ ಬಿಡಿಸಿ, ಆಮೇಲೆ ಹೊಸಬರು ಎಡವಬಹುದಾದ ಬಗೆಬಗೆಯಲ್ಲೂ ತಪ್ಪಾಗಿ ಬಿಡಿಸಬೇಕು. ಆ ತಪ್ಪುಗಳೆಲ್ಲ ಸಿಕ್ಕಿಬೀಳುವಂಥ ಪರೀಕ್ಷಾ ಪದಗಳನ್ನು ಹುಡುಕಿ ಇಡಬೇಕು. ದೂರದೂರುಗಳಿಗೆ ಸರಕಿನ ಲಾರಿ ಓಡಿಸುವ ಇವರ ಗಂಡ ಗೆಳೆಯರ ಮುಂದೆ ಹೇಳುವುದು ಹೀಗೆ: “ನಮ್ಮನೆಯವಳಿಗೆ ತಪ್ಪು ಮಾಡೋಕೇ ಸಂಬಳ. ನಾನು ಒಂದ್ಸಲ ಮಾಡಿದ್ರೆ ಲೈಸೆನ್ಸೇ ಹೋಗುತ್ತೆ.”

ಈ ವಾರದ ಅಭ್ಯಾಸ ಹೇಳಿದಷ್ಟು ಸುಲಭ. ಒಂದು ಪದ ಕೊಡುತ್ತಾರೆ. ಅದರಲ್ಲಿ ಯಾವುದಾದರೂ ಅಕ್ಷರ ಮತ್ತೆ ಬಂದಿದ್ದರೆ ಪ್ರೋಗ್ರಾಂ ‘ಹೌದು’ ಎನ್ನಬೇಕು, ಬಾರದಿದ್ದರೆ ‘ಇಲ್ಲ’. ಕನಕ ಎಂದರೆ ಹೌದು, ಕಮಲ ಎಂದರೆ ಇಲ್ಲ. ಕಲಿಯುವವರು ಉತ್ತರ ಕಳಿಸಿದ ಕೂಡಲೇ ಯಂತ್ರ ತಪ್ಪಕ್ಕನ ಪದಗಳನ್ನು ಒಂದೊಂದಾಗಿ ಅದಕ್ಕೆ ಕೊಟ್ಟು ನೋಡುತ್ತದೆ. ಎಲ್ಲದಕ್ಕೂ ಸರಿ ಹೇಳಿದರೆ ಹಸಿರು, ಒಂದಕ್ಕೆ ತಪ್ಪಿದರೂ ಕೆಂಪು.

ಆ ಪದಗಳನ್ನು ಕಾಯಲು ತಪ್ಪಕ್ಕನ ಬಳಿ ಒಂದು ಪುಟ್ಟ ಪಟಾಲಂ ಇದೆ. ಎಲ್ಲವೂ ಅವರೇ ಬೇಕೆಂದು ತಪ್ಪಾಗಿ ಬರೆದಿಟ್ಟ ಪ್ರೋಗ್ರಾಂಗಳು, ಎಲ್ಲಕ್ಕೂ ಅಡ್ಡಹೆಸರು. ಏನು ಕೊಟ್ಟರೂ ‘ಹೌದು’ ಅನ್ನುವವನು ಹೌದಪ್ಪ. ಪಕ್ಕಪಕ್ಕದ ಅಕ್ಷರಗಳನ್ನಷ್ಟೇ ಇಣುಕಿ ನೋಡುವವನು ಪಕ್ಕದ್ಮನೆಯವನು. ಒಂದು ಅಕ್ಷರವನ್ನು ಅದರ ಜೊತೆಗೇ ಹೋಲಿಸಿ ‘ಅಯ್ಯೋ, ಮತ್ತೆ ಬಂತು’ ಎಂದು ಸಂಭ್ರಮಪಡುವವಳು ಕನ್ನಡಿ ಸುಂದರಿ. ಮೊದಲೆರಡು ಅಕ್ಷರ ನೋಡಿ ಗಂಟುಮೂಟೆ ಕಟ್ಟಿ ಹೊರಡುವವನು ಅವಸರದ ಮಾವ.

“ದಿನಾ ಎದ್ದ ತಕ್ಷಣ ಇವರನ್ನೆಲ್ಲ ಓಡಿಸ್ತೀನಿ. ಒಬ್ಬೊಬ್ಬರೂ ಕೆಂಪಾಗ್ಬೇಕು. ಯಾವನಾದ್ರೂ ಹಸಿರಾದ್ರೆ ನನ್ನ ಬೇಲೀಲಿ ತೂತಿದೆ ಅಂತ ಅರ್ಥ,” ಎನ್ನುತ್ತಾರೆ.

ಈ ಕಣ್ಣು ಅವರಿಗೆ ಬಂದದ್ದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ. ಅಲ್ಲಿ ಅವರು ಚೆಕಿಂಗ್ ಮೇಜಿನಲ್ಲಿ ನಿಲ್ಲುತ್ತಿದ್ದರು. ಅಂಗಿಯ ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುವುದು, ಗುಂಡಿ ತಿರುಚುವುದು, ಒಳಮಗ್ಗುಲು ತಿರುಗಿಸಿ ನೋಡುವುದು. ವರ್ಷಗಟ್ಟಲೆ ನಿಂತೂ ನಿಂತೂ ಕಾಲಿನ ನರಗಳು ಉಬ್ಬಿ ಗಂಟು ಕಟ್ಟಿದವು. ಕೂತು ಮಾಡುವ ಕೆಲಸ ಬೇಕೆಂದು ಈ ತರಗತಿಗೆ ಸೇರಿದರು. ಸೇರಿದ ಮೊದಲ ತಿಂಗಳು ಬರೆದದ್ದೆಲ್ಲ ಕೆಂಪು. ಉಳಿದವರು ತಪ್ಪನ್ನು ಅಳಿಸಿ ಮುಂದೆ ಹೋಗುತ್ತಿದ್ದರೆ ಇವರು ತಪ್ಪನ್ನೇ ಎತ್ತಿಕೊಂಡು ಮೇಷ್ಟ್ರ ಹತ್ತಿರ ಹೋಗುತ್ತಿದ್ದರು, ಇದು ಯಾಕೆ ತಪ್ಪು, ಹೀಗೆ ಮಾಡಿದರೆ ಹೇಗೆ ತಪ್ಪು ಎಂದು. ಒಂದು ದಿನ ಅವರು ತಂದ ತಪ್ಪಿಗೆ ಯಂತ್ರ ಹಸಿರು ಗುರುತು ಕೊಟ್ಟಿತ್ತು. ಮೇಷ್ಟ್ರು ಬಹಳ ಹೊತ್ತು ಪರದೆ ನೋಡಿ, “ಅಕ್ಕಾ, ನೀವು ಕಲಿತಾದ್ಮೇಲೆ ಇಲ್ಲೇ ಇರಿ” ಎಂದರಂತೆ. ತಪ್ಪಕ್ಕ ಎಂಬ ಹೆಸರು ಬಿದ್ದದ್ದು ಆಗಲೇ.

ಪಾಠದ ಪುಟದಲ್ಲಿ ಇವರ ಹೆಸರು ಎಲ್ಲೂ ಇಲ್ಲ. ಕಲಿಯುವವರಿಗೆ ಇವರು ಗೊತ್ತಿರುವುದು ಕೆಂಪು ಗುರುತಾಗಿ ಮಾತ್ರ. ಆ ಗುರುತಿಗೆ ಅವರು ಹಾಕುವ ಶಾಪಗಳನ್ನು ಮೇಷ್ಟ್ರು ನಗುತ್ತಾ ಇವರಿಗೆ ಮುಟ್ಟಿಸುತ್ತಾರೆ. “ಬೈಲಿ ಬಿಡಿ. ಬೈಯೋಕಾದ್ರೂ ಮತ್ತೆ ಕೂತು ಬರೀತಾರಲ್ಲ,” ಎಂಬುದು ತಪ್ಪಕ್ಕನ ಸಮಾಧಾನ.

ಈ ಬೆಳಗ್ಗೆ ಪಟಾಲಂ ಪೂರ್ತಿ ಕೆಂಪಾಗಿದೆ. ಇನ್ನು ಅವರದೇ ಆದ ಎರಡನೆಯ ಕೆಲಸ, ಯಾರೂ ಹೇಳಿಕೊಡದಿದ್ದದ್ದು. ಹಿಂದಿನ ರಾತ್ರಿ ಹಸಿರು ಪಡೆದ ಉತ್ತರಗಳನ್ನು ತೆರೆದು ಓದುವುದು. “ಕೆಂಪು ಬಂದೋರನ್ನ ಮೇಷ್ಟ್ರು ನೋಡ್ಕೋತಾರೆ. ಹಸಿರು ಬಂದೋರ ಕಡೆ ಯಾರು ತಿರುಗಿ ನೋಡ್ತಾರೆ ಹೇಳಿ?” ಉತ್ತರಗಳ ಮೇಲೆ ಹೆಸರಿರುವುದಿಲ್ಲ. ಇಂಥವರದು ಎಂದು ತಿಳಿದರೆ ಕಣ್ಣು ಮೆತ್ತಗಾಗುತ್ತದೆ ಎಂದು ಅವರೇ ಹೆಸರು ತೆಗೆಸಿದ್ದಾರೆ.

ಒಂದು ಪುಟ್ಟ ಉತ್ತರದ ಮುಂದೆ ಅವರ ಬೆರಳು ನಿಲ್ಲುತ್ತದೆ. ಚೊಕ್ಕವಾಗಿದೆ, ಬೇಕಾದುದಕ್ಕಿಂತ ಚೊಕ್ಕ. ಪದದ ಮೊದಲ ಅಕ್ಷರವನ್ನು ಹಿಡಿದು ಉಳಿದವುಗಳ ಜೊತೆ ಹೋಲಿಸುತ್ತದೆ. ಅಲ್ಲಿಗೆ ಮುಗಿಯಿತು. ಎರಡನೆಯ ಅಕ್ಷರದ ಗೊಡವೆಗೇ ಹೋಗುವುದಿಲ್ಲ. ಆದರೂ ಹಸಿರು.

ತಪ್ಪಕ್ಕ ತಮ್ಮ ಪದಗಳನ್ನು ಮೆಲ್ಲಗೆ ಓದಿಕೊಳ್ಳುತ್ತಾರೆ. ಕನಕ, ಸರಸ, ನಯನ, ಜಲಜ, ಗರಗಸ. ಮತ್ತೆ ಓದುತ್ತಾರೆ. ಒಂದೊಂದರಲ್ಲೂ ಮರಳಿ ಬಂದಿರುವುದು ಮೊದಲ ಅಕ್ಷರವೇ. ಮೊದಲನೆಯದನ್ನಷ್ಟೇ ನೋಡುವವನು ಯಾವುದರಲ್ಲೂ ಸಿಕ್ಕಿಬೀಳುವುದಿಲ್ಲ.

“ಕಿವಿಗೆ ಇಂಪಾಗಿದ್ದನ್ನೆಲ್ಲ ಆರಿಸ್ಕೊಂಡು ಕೂತಿದ್ದೀನಿ,” ಎಂದು ಅವರು ಹಣೆ ಒತ್ತಿಕೊಳ್ಳುತ್ತಾರೆ.

ಇಂಪು ಎಲ್ಲಿಂದ ಬಂತು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಡುಮನೆಯಲ್ಲಿ ಅವರ ಅತ್ತೆ ಮುಂಜಾನೆಯ ಪದ್ಯ ಹೇಳಿಕೊಳ್ಳುತ್ತಿದ್ದಾರೆ. ಕಣ್ಣು ಮಂಜಾದ ಮೇಲೆ ಪುಸ್ತಕ ಮುಚ್ಚಿಟ್ಟ ಅತ್ತೆಗೆ ಅಷ್ಟೂ ಬಾಯಿಪಾಠ. ಈ ಮನೆಗೆ ಬಂದ ದಿನದಿಂದ ತಪ್ಪಕ್ಕ ಎದ್ದಿರುವುದೇ ಆ ದನಿಗೆ. ಹೊರಟ ಅಕ್ಷರ ಮನೆಗೆ ಮರಳಿದಂತೆ ಕೇಳುವ ಪದಗಳು ಅವರ ಕಿವಿಯಲ್ಲಿ ಮೊದಲೇ ಕೂತಿದ್ದವು. ಪರೀಕ್ಷೆಗೆಂದು ಹುಡುಕಿದಾಗ ಅವೇ ಎದ್ದು ಬಂದಿವೆ.

“ಅತ್ತೆ, ಶುರುವಿನ ಅಕ್ಷರ ಬಿಟ್ಟು ಒಳಗಿಂದು ಮತ್ತೆ ಬರೋ ಪದ ಯಾವುದಾದ್ರೂ ಹೇಳಿ.”

ಪದ್ಯ ನಿಲ್ಲುತ್ತದೆ. “ಎದ್ದು ಹಾಲು ಕಾಯೋಕಿಡೋ ಹೊತ್ತಲ್ಲಿ ಒಗಟು ಕೇಳ್ತೀಯಲ್ಲೇ,” ಎಂದ ಅತ್ತೆ ಒಂದು ಗಳಿಗೆ ತುಟಿ ಆಡಿಸಿ, “ಕಳವಳ. ತಳಮಳ. ಗಡಬಡ. ಸಾಕಾ?” ಎನ್ನುತ್ತಾರೆ. “ಎಲ್ಲಾ ನಿನ್ನ ಕೆಲಸದ ಥರದವೇ ನೆನಪಾದ್ವು ನೋಡು.”

ತಪ್ಪಕ್ಕ ‘ಕಳವಳ’ ಎಂದು ಬರೆದು ಆ ಉತ್ತರಕ್ಕೆ ಕೊಡುತ್ತಾರೆ. ಅದು ಕ-ವನ್ನು ಹಿಡಿದು ಮುಂದೆಲ್ಲ ಹುಡುಕಿ, ಎರಡು ಳ-ಗಳನ್ನು ಕಣ್ಣೆತ್ತಿಯೂ ನೋಡದೆ ‘ಇಲ್ಲ’ ಎನ್ನುತ್ತದೆ.

ಅಷ್ಟರಲ್ಲಿ ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದವಳು ನಾದಿನಿ. ಗಂಡನ ತಂಗಿ, ಇದೇ ಮನೆಯಲ್ಲಿರುವವಳು, ಈ ಸಲದ ತಂಡದಲ್ಲಿ ಕಲಿಯುತ್ತಿರುವವಳು. ಅವಳದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಬಿಸಿ ಆವಿಗೆ ಮುಂಗೈ ಕೆಂಪೇರಿ ಸಿಪ್ಪೆ ಸುಲಿದಿದೆ. ಇನ್ನೂ ಹೀಗೇ ಮುಂದುವರಿದರೆ ಕೈ ಕೆಡುತ್ತದೆ ಎಂದು ವೈದ್ಯರೇ ಹೇಳಿದ್ದಾರೆ. ಇವತ್ತು ಹತ್ತು ಗಂಟೆಗೆ ಯಾರ ಉತ್ತರ ಹಸಿರಾಗಿರುತ್ತದೋ ಅವರಿಗೆ ಮಾತ್ರ ಮುಂದಿನ ತರಗತಿ. ತಪ್ಪಿದರೆ ಅರ್ಧ ವರ್ಷ ಕಾಯಬೇಕು.

ಅವಳು ಪರದೆ ನೋಡುತ್ತಾಳೆ. ಲೋಟ ಮೇಜಿನ ಮೇಲೆ ಇಳಿಯುತ್ತದೆ.

“ಅತ್ತಿಗೆ, ಅದು ನಂದು.”

ತಪ್ಪಕ್ಕ ‘ಕಳವಳ’ದ ಕೆಳಗೆ ಅತ್ತೆ ಹೇಳಿದ ಉಳಿದೆರಡು ಪದಗಳನ್ನೂ ಬರೆದಿಡುತ್ತಾರೆ.

“ಆ ಪದಗಳನ್ನ ಹತ್ತು ಗಂಟೆ ಆದ್ಮೇಲೆ ಸೇರಿಸ್ಬಹುದಲ್ಲ,” ಎನ್ನುತ್ತಾಳೆ ನಾದಿನಿ. “ನಾನು ಮೋಸ ಮಾಡಿಲ್ಲ. ನನಗೆ ತಿಳಿದಿದ್ದು ಬರೆದೆ, ನಿಮ್ಮ ಯಂತ್ರಾನೇ ಹಸಿರು ಕೊಡ್ತು. ಬೇಲಿ ಹಾಕಿದ್ದು ನೀವು.”

“ತೂತು ನಂದೇ. ಅದಕ್ಕೇ ಈಗಲೇ ಮುಚ್ತೀನಿ.”

“ಒಂಬತ್ತಕ್ಕೆ ನಾನು ಕೆಲಸಕ್ಕೆ ಒಳಗೆ ಹೋದ್ರೆ ಫೋನು ಬಾಗಿಲಲ್ಲೇ ಇಟ್ಟು ಹೋಗ್ಬೇಕು. ಆಮೇಲೆ ಬರೆಯೋಕಾಗಲ್ಲ. ಗೊತ್ತಲ್ಲ ನಿಮಗೆ?”

“ಗೊತ್ತು. ಮುಂದಿನ ಕ್ಲಾಸಲ್ಲಿ ಇದರ ಮೇಲೇ ಗೋಡೆ ಕಟ್ಟಿಸ್ತಾರೆ ಕಣೆ. ಅಲ್ಲಿ ನಾಲ್ಕು ಜನರ ಮುಂದೆ ಕುಸಿದ್ರೆ ನೀನು ನನ್ನನ್ನ ಬೈಯಲ್ಲ. ನನ್ನ ತಲೆಗೆ ಇದೆಲ್ಲ ಹತ್ತಲ್ಲ ಅಂತ ಎದ್ದು ಬಂದ್ಬಿಡ್ತೀಯ. ಹಾಗೆ ಎದ್ದು ಬಂದೋರನ್ನ ನಾನು ನೋಡಿದ್ದೀನಿ.”

ಹಸಿರು ಬಿದ್ದ ಉತ್ತರಗಳಿಗೆಲ್ಲ ‘ಕಳವಳ’ ಕೊಟ್ಟು ನೋಡಿದರೆ ತಪ್ಪುವವು ಮೂರು. ಅವರು ಮೇಷ್ಟ್ರಿಗೆ ಫೋನು ಹಚ್ಚಿ ಹೇಳುತ್ತಾರೆ. ಅತ್ತ ಕಡೆಯ ದನಿ ಇನ್ನೂ ನಿದ್ದೆಗಣ್ಣಿನದು. ಮೂವರ ಹಸಿರು ಕೆಂಪಾಗುತ್ತದೆ, ಈ ತಂಡ ಮುಗಿಯಲಿ, ಮುಂದಿನವರಿಗೆ ಹಾಕೋಣ ಎಂಬ ಸಲಹೆ. “ಅದರಲ್ಲಿ ಒಬ್ಬಳು ನಮ್ಮನೆಯವಳೇ ಮೇಷ್ಟ್ರೇ, ಆದ್ರೂ ಹಾಕ್ಲೇಬೇಕು,” ಎನ್ನುತ್ತಾರೆ ತಪ್ಪಕ್ಕ. “ತಪ್ಪು ನಮ್ಮದು. ಮೂವರಿಗೂ ಈಗಲೇ ತಿಳಿಸಿ. ಹೊತ್ತು ಮಧ್ಯಾಹ್ನದವರೆಗೆ ಕೊಡಿ.” ಮೇಷ್ಟ್ರು ಒಪ್ಪುತ್ತಾರೆ. ಕಳವಳ, ತಳಮಳ, ಗಡಬಡ ಮೂರೂ ಪಟ್ಟಿಗೆ ಸೇರುತ್ತವೆ. ನಾದಿನಿಯ ಫೋನಿನಲ್ಲಿ ಹಸಿರು ಗುರುತು ಕೆಂಪಾಗುತ್ತದೆ. ಮಧ್ಯಾಹ್ನದವರೆಗಿನ ಹೊತ್ತು ಅವಳಿಗೆ ಉಪಯೋಗವಿಲ್ಲ. ಅವಳ ಪಾಲಿಗೆ ಉಳಿದಿರುವುದು ಒಂಬತ್ತರೊಳಗಿನದು.

ಅವಳು ನಡುಮನೆಗೆ ಹೋಗುತ್ತಾಳೆ. ಫೋನನ್ನು ಮುಂದಿಟ್ಟುಕೊಂಡು, ಸಿಟ್ಟಿಗೆ ಏನಾದರೂ ಕೈಯಲ್ಲಿರಲಿ ಎಂಬಂತೆ ಒಗೆದ ಬಟ್ಟೆಯ ಬುಟ್ಟಿಯನ್ನು ಎಳೆದುಕೊಂಡು ಕೂರುತ್ತಾಳೆ. ಕಾಲುಚೀಲಗಳನ್ನು ಜೋಡಿ ಮಾಡುವುದು ಅವಳ ಬೆರಳಿಗೆ ಅಭ್ಯಾಸ. ಒಂದನ್ನು ಎತ್ತಿ ಉಳಿದವುಗಳ ಪಕ್ಕ ಹಿಡಿಯುತ್ತಾಳೆ. ಜೋಡಿ ಸಿಗುವುದಿಲ್ಲ. ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾಳೆ.

“ಯಾರೂ ಏನೂ ಹೇಳಿಕೊಡಲ್ಲ ಈ ಮನೇಲಿ,” ಎಂದು ಬುಟ್ಟಿಗೆ ಹೇಳುತ್ತಾಳೆ.

“ನಾನು ಪದ ಕೊಟ್ಟೆನಲ್ಲೇ,” ಎನ್ನುತ್ತಾರೆ ಅತ್ತೆ.

“ಅದಕ್ಕೇ ಅಮ್ಮಾ ನಾನು ಕೆಂಪಾಗಿದ್ದು.”

ಒಳಕೋಣೆಯಲ್ಲಿ ತಪ್ಪಕ್ಕ ಪರದೆಗೆ ಮುಖ ಮಾಡಿ ಕೂತಿದ್ದಾರೆ, ಬೆರಳು ಮಾತ್ರ ಆಡುತ್ತಿಲ್ಲ. ಎದ್ದು ಹೋಗಿ ಒಂದು ಸಾಲು ಹೇಳಿದರೆ ಮುಗಿಯಿತು. ಹೋಗುವುದಿಲ್ಲ. ಉಳಿದಿಬ್ಬರಿಗೆ ಮನೆಯಲ್ಲಿ ಅತ್ತಿಗೆ ಇಲ್ಲವಲ್ಲ.

ಆಚೆ ಬುಟ್ಟಿ ಕೆದಕುವ ಸದ್ದು ನಿಲ್ಲುತ್ತದೆ.

“ಅಯ್ಯೋ,” ಎನ್ನುತ್ತದೆ ನಾದಿನಿಯ ದನಿ. “ಮೊದಲನೇದಕ್ಕೆ ಜೋಡಿ ಸಿಗಲಿಲ್ಲ ಅಂತ ಬುಟ್ಟೀನೇ ಬಿಟ್ಟು ಎದ್ದು ಬಂದಂಗಾಯ್ತಲ್ಲ ನನ್ನ ಉತ್ತರ. ಬದಿಗಿಟ್ಕೊಂಡು ಮುಂದಿಂದು ತೆಗೀಬೇಕು. ತೆಗೆದಾಗೆಲ್ಲ ಬದಿಗಿಟ್ಟಿರೋದ್ರಲ್ಲಿ ಅದೇ ಇದೆಯಾ ನೋಡ್ಬೇಕು.”

ಮುಂದಿನದೆಲ್ಲ ಫೋನಿನ ಮೇಲೆ ಬೆರಳಿನ ಟಪಟಪ. ಮೊದಲ ಸಲ ಕೆಂಪು, ಬದಿಗಿಡುವುದನ್ನೇ ಮರೆತಿದ್ದಾಳೆ. ಎರಡನೆಯ ಸಲ ಕನಕ ದಾಟುತ್ತದೆ, ಕಮಲ ದಾಟುತ್ತದೆ, ಅಕ್ಷರವೇ ಇಲ್ಲದ ಖಾಲಿ ಪದ ದಾಟುತ್ತದೆ. ಕಳವಳ, ತಳಮಳ, ಗಡಬಡ ಎಲ್ಲವೂ ದಾಟಿ ಹಸಿರು. ಒಳಕೋಣೆಯ ಪರದೆಗೂ ಹೆಸರಿಲ್ಲದ ಹೊಸ ಉತ್ತರವೊಂದು ಬಂದು ಬೀಳುತ್ತದೆ. ತಪ್ಪಕ್ಕ ಅದನ್ನು ತಲೆಯಿಂದ ಕಾಲಿನವರೆಗೆ ಓದುತ್ತಾರೆ, ಹೊಲಿಗೆ ಎಳೆದು ನೋಡುವ ಹಾಗೆ. ಬಿಚ್ಚಿಕೊಳ್ಳುವುದಿಲ್ಲ.

ಇಷ್ಟು ವರ್ಷದ ಈ ಕೆಲಸದಲ್ಲಿ ಏನು ಆಸೆ ಎಂದು ಕೇಳಿದರೆ ಅವರ ಬಳಿ ದೊಡ್ಡ ಉತ್ತರವಿಲ್ಲ. “ಹಸಿರು ಅಂದ್ರೆ ಹಸಿರೇ ಆಗಿರ್ಬೇಕು. ಅದನ್ನ ನಂಬ್ಕೊಂಡು ಒಬ್ಬರು ಮುಂದಿನ ಮೆಟ್ಟಿಲಿಗೆ ಕಾಲಿಟ್ರೆ ಮೆಟ್ಟಿಲು ಅಲ್ಲಿರ್ಬೇಕು. ಅಷ್ಟೇ.”

ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ ಹೊರಟ ನಾದಿನಿ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಪರದೆಯ ಮೇಲೆ ಹೌದಪ್ಪ, ಪಕ್ಕದ್ಮನೆಯವನು, ಕನ್ನಡಿ ಸುಂದರಿ, ಅವಸರದ ಮಾವ. ಅವರ ಕೆಳಗೆ ಅವಳ ಹಳೆಯ ಉತ್ತರ ಐದನೆಯದಾಗಿ ಬಂದು ಕೂತಿದೆ. ಪಕ್ಕದಲ್ಲಿ ಬರೆದಿರುವ ಹೆಸರು, ‘ನಾದಿನಿ’.

“ಏನತ್ತಿಗೆ ಇದು?”

“ಇನ್ಮೇಲೆ ದಿನಾ ಬೆಳಗ್ಗೆ ಇವಳನ್ನೂ ಓಡಿಸ್ತೀನಿ. ನಾಳೆ ನಾನೇ ಪದ ಬದಲಾಯಿಸಿ ಎಡವಿದ್ರೂ ಇವಳು ಹಿಡಿದುಕೊಡ್ತಾಳೆ. ಹೊಸದಾಗಿ ಕಲಿಯೋಕೆ ಬರೋರು ಯಾರೂ ನಿನ್ನ ಥರ ಮೋಸಹೋಗಲ್ಲ.”

“ಅದೆಲ್ಲ ಸರಿ. ನಾಳೆ ನಾನೂ ನಿಮ್ಮ ಹಾಗೇ ಕೆಲಸಕ್ಕೆ ಕೂರೋಳು. ನೋಡಿದೋರು ಏನಂದ್ಕೋತಾರೆ? ಹೆಸರೊಂದು ತೆಗೆದುಬಿಡಿ ಅತ್ತಿಗೆ.”

ತಪ್ಪಕ್ಕ ಕುರ್ಚಿ ತಿರುಗಿಸಿ ಅವಳನ್ನು ಪೂರ್ತಿ ನೋಡುತ್ತಾರೆ. ಮುಖದಲ್ಲಿ ಈ ಬೆಳಗಿನ ಮೊದಲ ನಗು.

“ತೆಗೆಯಲ್ಲ.”