ಗಿರಾಕಿ ಬೇಡದ ಅಂಗಡಿಯ ಎದುರಿನಲ್ಲಿ

ತುಟಿಗಳ ನಡುವೆ ಐದಾರು ಗುಂಡುಸೂಜಿ ಕಚ್ಚಿಕೊಂಡೇ ನಮ್ಮ ಟೇಲರ್ ಅಕ್ಕ ಇಡೀ ಬಿಲ್ಡಿಂಗಿನ ಸುದ್ದಿ ಹೇಳುತ್ತಿದ್ದರು. ಒಂದು ಸೂಜಿಯೂ ಉದುರುತ್ತಿರಲಿಲ್ಲ. ಧಾರವಾಡದವರು, ಆಂಟಾಪ್ ಹಿಲ್‌ನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ಅವರ ಪುಟ್ಟ ಅಂಗಡಿ. ಬ್ಲೌಸ್ ಯಾವಾಗ ಸಿಗುತ್ತದೆಂದು ಕೇಳಿದರೆ, "ಶುಕ್ರವಾರ ಅಂದ್ರ ಶುಕ್ರವಾರ" ಎನ್ನುವರು, ಹಾಗೆಯೇ ಕೊಡುವರು. ಮದುವೆಯಾಗಿ ಹೊಸದಾಗಿ ಬಂದ ನನಗೆ ಮಧ್ಯಾಹ್ನಗಳು ಬೇಸರ. ನನ್ನನ್ನು ಕೂರಿಸಿಕೊಂಡು ಹುಕ್ಕು ಹಚ್ಚಲು ಕಲಿಸಿದರು.

ಒಂದು ದೀಪಾವಳಿಗೆ ಎದುರಿಗೇ ಗಾಜಿನ ಬಾಗಿಲಿನ ದೊಡ್ಡ ಬೊಟಿಕ್ ಬಂತು. ಅಕ್ಕನ ಇಬ್ಬರು ಟೇಲರ್‌ಗಳನ್ನೂ ದುಪ್ಪಟ್ಟು ಪಗಾರದ ಆಸೆ ತೋರಿಸಿ ಕರೆದುಕೊಂಡರು. ಅದನ್ನು ನೋಡಿ ನಮ್ಮ ಬಿಲ್ಡಿಂಗಿನ ಮಾಲೀಕ ಅಕ್ಕನ ಬಾಡಿಗೆಯನ್ನೂ ಏರಿಸಿದ. ವಿಚಿತ್ರವೆಂದರೆ, ಆ ಬೊಟಿಕ್‌ಗೆ ಗಿರಾಕಿಗಳೇ ಇರಲಿಲ್ಲ! ಬಿಲ್ಲಿನ ಮಷಿನ್ ಮಾತ್ರ ದಿನವಿಡೀ ಕಾಗದ ಉಗುಳುತ್ತಿತ್ತು. ಅದು ಹಫ್ತಾ ವಸೂಲಿಯ ಗ್ಯಾಂಗಿನ ದುಡ್ಡು, ವ್ಯಾಪಾರದ್ದೆಂದು ತೋರಿಸಿ ಬಿಳಿ ಮಾಡುತ್ತಾರೆ ಎಂದು ಪಕ್ಕದ ಕಿರಾಣಿಯವರು ಪಿಸುಗುಟ್ಟಿದರು.

ಮದುವೆ ಸೀಸನ್ನಿನ ಒಂದು ಬೆಳಿಗ್ಗೆ ಬೊಟಿಕ್‌ನ ಮ್ಯಾನೇಜರ್ ಬಂದ. ಬೆಳಗಾವಿ ಕಡೆಯವನು, ಮಾತು ಬೆಣ್ಣೆ. ಹಿಂದೆ ಇಬ್ಬರು ದಾಂಡಿಗರು.

"ಅಕ್ಕಾರ, ಅಂಗಡಿ ನಿಮ್ಮದ ಇರ್ಲಿ. ನಾವು ಹೇಳಿದಷ್ಟು ಬಿಲ್ ಹರೀರಿ, ಸಾಕು. ಬಾಡಿಗಿ ನಮ್ಮದು."

ಅಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟರು. ಕೊರಳಿನ ಟೇಪು ಎಳೆದು, ನೇರ ಹೋಗಿ ಅವನ ಎದೆಗೇ ಸುತ್ತಿದರು!

"ಅಳತಿ ಇಲ್ಲದ ನಾ ಬಿಲ್ ಹರಿಯಂಗಿಲ್ಲಪಾ. ಕೈ ಎತ್ತು. ಎಷ್ಟು ಬ್ಲೌಸ್ ಹೊಲೀಲಿ ನಿನಗ?"

ಬ್ಲೌಸಿಗೆ ಕಾದಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ನಗು ಕೇಳಿ ಮೇಲಿನಿಂದ ಇನ್ನಷ್ಟು ಮಂದಿ ಇಳಿದುಬಂದರು. ಅಷ್ಟು ಜನರ ಮುಂದೆ ಅವನೇನು ಮಾಡಿಯಾನು? "ನೋಡ್ಕೋತೀವಿ" ಎಂದು ಗೊಣಗಿ ಹೊರಟ.

ಅವನು ಹೋದ ಮೇಲೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, ಸಂಜೆಯವರೆಗೂ ಇರಲು ಹೇಳಿದರು. ಅಂದಿನಿಂದ ನಾವ್ಯಾರೂ ಅವರನ್ನು ಅಂಗಡಿಯಲ್ಲಿ ಒಬ್ಬರನ್ನೇ ಬಿಡಲಿಲ್ಲ. ಅಬ್ಬಾ, ಆ ವಾರ! ಒಬ್ಬರು ಹುಕ್ಕಿಗೆ ಕಾಜಾ ಮಾಡಿದರು, ಒಬ್ಬರು ಸೀರೆಗೆ ಫಾಲ್ ಹಚ್ಚಿದರು, ನಾನು ಮೊದಲ ಸಲ ಮಷಿನ್ ತುಳಿದೆ. ಮದುವೆಮನೆಯವರ ಬ್ಲೌಸುಗಳೆಲ್ಲ ಶುಕ್ರವಾರವೇ ಸಿದ್ಧ!

ಕೆಲವು ತಿಂಗಳಲ್ಲಿ ಪೊಲೀಸರು ಬೊಟಿಕ್‌ಗೆ ಸೀಲ್ ಹಾಕಿದರು. ನಾವು ಪೇಡೆ ಹಂಚಿದೆವು. ಅಕ್ಕ ಮಾತ್ರ ರಸ್ತೆ ದಾಟಿ, ಕೆಲಸ ಹೋಗಿ ದಿಕ್ಕು ತೋಚದೆ ನಿಂತಿದ್ದ ತಮ್ಮ ಹಳೆಯ ಟೇಲರ್‌ಗಳನ್ನು ಕರೆದರು: "ಹಿಂಗ್ಯಾಕ ನಿಂತೀರಿ? ಬರ್ರಿ, ಕೆಲಸ ಭಾಳ ಅದ."

ಮುಂದೆ ನಾನು ಬೊರಿವಲಿಯಲ್ಲಿ ಸ್ವಂತ ಅಂಗಡಿ ತೆರೆದಾಗ, ಲೋಕಲ್ ರೈಲು ಹಿಡಿದು ಬಂದ ಮೊದಲ ಗಿರಾಕಿ ಅವರೇ. ಖುಷಿಯ ಗಡಿಬಿಡಿಯಲ್ಲಿ ಅವರ ಬ್ಲೌಸಿನ ಒಂದು ತೋಳು ಗಿಡ್ಡ ಹೊಲಿದುಬಿಟ್ಟೆ. ಸರಿಮಾಡಲು ಅಕ್ಕ ಬಿಡಲೇ ಇಲ್ಲ. ಹೋದ ವರ್ಷ ತೀರಿಕೊಳ್ಳುವವರೆಗೂ ಹಬ್ಬಹಬ್ಬಕ್ಕೆ ಅದನ್ನೇ ತೊಟ್ಟು, ನೋಡಿದವರಿಗೆಲ್ಲ ನನ್ನ ವಿಳಾಸ ಕೊಡುತ್ತಿದ್ದರಂತೆ. ಇವತ್ತಿಗೂ ಆಂಟಾಪ್ ಹಿಲ್‌ನಿಂದ ಅಷ್ಟು ದೂರ ಬಂದು, "ಅಕ್ಕ ಕಳಿಸಿದ್ರು" ಎನ್ನುವವರಿದ್ದಾರೆ.